ಗೇಟಿನಲ್ಲಿ ಕತ್ತರಿ

ಆಗಸ್ಟ್ ೪, ಸೋಮವಾರ

ಸೇಫ್ಟಿ ಮೇಡಂ ಆಗಿ ಇನ್ನೂ ಎರಡು ತಿಂಗಳು ತುಂಬಿಲ್ಲ, ಆಗಲೇ ಕಾರ್ಖಾನೆಯ ಅರ್ಧ ಜನ ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಇನ್ನರ್ಧ ಜನ ನಾನು ಬರುವಾಗ ಕನ್ನಡಕವನ್ನು ಕಣ್ಣಿಗೇರಿಸಿ, ನಾನು ಬೆನ್ನು ತಿರುಗಿಸಿದ ಕೂಡಲೇ ಹಣೆಗೆ ತಳ್ಳುತ್ತಾರೆ. ಮೊದಲು ಸ್ಟೋರಿನಲ್ಲಿ ನಟ್ಟು ಬೋಲ್ಟುಗಳ ನಡುವೆ ಸುಖವಾಗಿದ್ದೆ. ಅವು ಎದುರು ಮಾತಾಡುತ್ತಿರಲಿಲ್ಲ.

ಇವತ್ತು ಮ್ಯಾನೇಜರು ಕರೆಸಿದರು. ಇಪ್ಪತ್ತನೇ ತಾರೀಖು ದೊಡ್ಡ ಗಿರಾಕಿ ಕಂಪನಿಯವರು ತಪಾಸಣೆಗೆ ಬರುತ್ತಾರಂತೆ. ಅದಕ್ಕೂ ಮೊದಲು, ಈ ಶನಿವಾರವೇ, ರಾಖಿ.

"ಹಬ್ಬ ಮುಗಿದ ಮೇಲೆ ಒಬ್ಬರ ಮಣಿಕಟ್ಟಲ್ಲೂ ದಾರ ಕಾಣಬಾರದು. ನೀವೇ ಗೇಟಲ್ಲಿ ನಿಂತ್ಕೊಳ್ಳಿ," ಎಂದು ಡ್ರಾಯರಿನಿಂದ ಒಂದು ಕತ್ತರಿ ತೆಗೆದು ನನ್ನ ಮುಂದಿಟ್ಟರು. ಊಟಕ್ಕೆ ಚಮಚ ಇಟ್ಟಷ್ಟು ಸಲೀಸಾಗಿ.

ಅವರು ಹೇಳುವುದು ತಪ್ಪಲ್ಲ. ಬೇಸಿಗೆಯಲ್ಲಿ ಡ್ರಿಲ್ಲಿಂಗ್ ವಿಭಾಗದವನೊಬ್ಬನ ಕೈಗವಸು ತಿರುಗುವ ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಹೋದವು. ಹಳೆಯ ಮೇಲ್ವಿಚಾರಕರನ್ನು ಮನೆಗೆ ಕಳಿಸಿ ನನ್ನನ್ನು ಈ ಕುರ್ಚಿಯಲ್ಲಿ ಕೂರಿಸಿದ್ದು ಆಮೇಲೆಯೇ. ನೋಟೀಸು ಬರೆದು ಅಂಟಿಸಿದೆ. ಉಂಗುರ, ಗಡಿಯಾರ, ಕಡಗ, ದಾರ, ಯಾವುದೂ ಇಲ್ಲ. ಹತ್ತಿ ನೂಲು, ಒಂದು ಚೂರು ಸ್ಪಂಜು, ನಾಲ್ಕು ಚಮಕಿ. ಅಷ್ಟಕ್ಕೆ ಒಂದು ಕೈ ಕಳೆದುಕೊಳ್ಳುವುದೆಂದರೆ ಏನರ್ಥ?

ಬರೆದಾದ ಮೇಲೆ ಅಣ್ಣನ ನೆನಪಾಯಿತು. ಇದೇ ಕಾರ್ಖಾನೆ, ಲೋಹ ಕಡೆಯುವ ಲೇತ್ ವಿಭಾಗ, ಎಲ್ಲರಿಗಿಂತ ಹಿರಿಯ. ನಾನು ಕಟ್ಟಿದ ದಾರವನ್ನು ಅವನು ಬಿಚ್ಚುವುದೇ ಇಲ್ಲ. ಎಣ್ಣೆ ಕುಡಿದು ಕಪ್ಪಾಗಿ, ಚಮಕಿಯೆಲ್ಲ ಉದುರಿ, ನೋಡಿದರೆ ವಾಕರಿಕೆ ಬರುವ ಹಾಗಾಗಿ, ಕೊನೆಗೊಂದು ದಿನ ಅದಾಗಿಯೇ ಹರಿದು ಬೀಳುವ ತನಕ ಕೈಯಲ್ಲೇ ಇರಬೇಕು. ಹಳೆಯ ಮೇಲ್ವಿಚಾರಕರು ಕಂಡೂ ಕಾಣದಂತೆ ಇದ್ದುಬಿಡುತ್ತಿದ್ದರು.

ಮಲಗುವ ಕೋಣೆಯ ಬಾಗಿಲನ್ನು ಇವತ್ತೂ ಚಮಚದಿಂದಲೇ ತೆಗೆದೆ. ಈ ಬಾಡಿಗೆ ಮನೆಗೆ ಬಂದಾಗಿನಿಂದ ಅದಕ್ಕೆ ಹಿಡಿ ಇಲ್ಲ. ಹಿಡಿ ಇದ್ದ ತೂತಿಗೆ ಚಮಚದ ತುದಿ ತೂರಿಸಿ ಎಳೆಯಬೇಕು.

ಆಗಸ್ಟ್ ೬, ಬುಧವಾರ

ಬೆಳಿಗ್ಗೆ ಅಣ್ಣನ ಸ್ಕೂಟರಿನ ಹಿಂದೆ ಕೂತು ಜಗಳವಾಡಿದೆ. ಇಬ್ಬರಿಗೂ ಹೆಲ್ಮೆಟ್ಟು, ಆದ್ದರಿಂದ ಅರಚಿಕೊಂಡೇ ಆಡಬೇಕಾಯಿತು. ಪಕ್ಕದ ಗಾಡಿಯವರಿಗೆಲ್ಲ ನಮ್ಮ ಮನೆ ವಿಷಯ ಈಗ ಗೊತ್ತು.

"ಅಣ್ಣಾ, ನೋಟೀಸ್ ಓದಿದ್ಯಾ?"

"ಓದ್ದೆ. ದೊಡ್ಡ ಅಕ್ಷರದಲ್ಲಿ ಹಾಕ್ಸಿದ್ದೀಯ. ಕನ್ನಡಕ ಇಲ್ದೇನೇ ಕಾಣುತ್ತೆ."

"ಓದಿದ ಮೇಲೆ?"

"ಮೇಲೇನು? ಒಳ್ಳೇದೇ. ಎಲ್ರೂ ಪಾಲಿಸ್ಲಿ."

"ಎಲ್ರೂ ಅಂದ್ರೆ ನೀನೂ. ಗೇಟಲ್ಲಿ ಬಿಚ್ಚಿಟ್ಟು ಸಂಜೆ ಕಟ್ಕೊಂಡ್ರೆ ಏನು ಕಳ್ಕೊಳ್ತೀಯ?"

"ಬಿಚ್ಚಿಡೋಕೆ ಅದೇನು ವಾಚಾ, ಪುಟ್ಟಿ? ಅದು ತಾನಾಗೇ ಬೀಳ್ಬೇಕು."

"ನಿನ್ನ ಕೈ ತಾನಾಗೇ ಬಿದ್ರೆ?"

ಅಷ್ಟರಲ್ಲಿ ಸಿಗ್ನಲ್ಲು ಹಸಿರಾಯಿತು. ಕೇಳಿಸದವನ ಹಾಗೆ ಗಾಡಿ ಬಿಟ್ಟ. ಗೇಟಿನ ಹತ್ತಿರ ಇಳಿಸಿದ ಮೇಲೆ ಹೆಲ್ಮೆಟ್ಟು ತೆಗೆದು, "ಇಷ್ಟು ವರ್ಷದಿಂದ ಲೇತ್ ಮುಂದೆ ನಿಂತಿದ್ದೀನಿ. ಏನಾಗಿದೆ?" ಎಂದ.

ಏನೂ ಆಗಿಲ್ಲ ಎನ್ನುವುದೇ ಇವರೆಲ್ಲರ ವಾದ. ಆ ಎರಡು ಬೆರಳು ಹೋದವನಿಗೂ ಹಿಂದಿನ ದಿನದವರೆಗೆ ಏನೂ ಆಗಿರಲಿಲ್ಲ. ದಿನವಿಡೀ ಅದೇ ತಲೆ ತಿಂದಿತು. ಮಧ್ಯಾಹ್ನ ಬೆಂಕಿ ಆರಿಸುವ ಸಿಲಿಂಡರುಗಳನ್ನು ಪರೀಕ್ಷಿಸಲು ಹೋದವಳು, ಪರೀಕ್ಷಿಸಿದ ಸಿಲಿಂಡರುಗಳನ್ನೇ ಮತ್ತೆ ಪರೀಕ್ಷಿಸಿ ಬಂದೆ.

ಆಗಸ್ಟ್ ೮, ಶುಕ್ರವಾರ

ನನಗೆ ಒಂದು ಉಪಾಯ ಹೊಳೆದಿದೆ. ಹೊಳೆದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ತಾನಾಗೇ ಬೀಳಬೇಕು ಎಂದನಲ್ಲ, ತಾನಾಗೇ ಬೀಳಲಿ! ಅಂಗಡಿಯಿಂದ ರಾಖಿ ತಂದು, ಅದರ ಗಟ್ಟಿ ದಾರ ಕಿತ್ತೆಸೆದು, ಹೊಲಿಗೆ ನೂಲಿನ ಎಳೆ ಪೋಣಿಸಿದೆ. ಅದನ್ನೂ ನಡುವೆ ಕತ್ತರಿಸಿ, ಎರಡು ತುದಿಗೆ ಅಂಟು ಸವರಿ ಕೂಡಿಸಿದೆ. ಮೇಲಿಂದ ಚಮಕಿ ಮುಚ್ಚಿದರೆ ಜಗತ್ತಿನ ಯಾವ ಅಣ್ಣನಿಗೂ ಗೊತ್ತಾಗುವುದಿಲ್ಲ. ನೀರಿನ ಬಾಟಲಿಯ ಕತ್ತಿಗೆ ಕಟ್ಟಿ ಎತ್ತಿ ನೋಡಿದೆ. ಅರ್ಧ ಬಾಟಲಿ ತಡೆಯಿತು, ತುಂಬಿದ ಬಾಟಲಿಗೆ ಪಟ್ಟೆಂದು ಬಿಟ್ಟಿತು. ನೆಲವೆಲ್ಲ ನೀರು. ನನಗೆ ಎಷ್ಟು ಖುಷಿಯಾಯಿತೆಂದರೆ ಒರೆಸುವುದನ್ನೂ ಮರೆತು ಮತ್ತೆ ಅಂಟು ಸವರಿ ಕೂಡಿಸಿಟ್ಟೆ.

ಭಾನುವಾರ ಸ್ನಾನ ಮಾಡುವಾಗಲೋ ಅಂಗಿ ತೊಡುವಾಗಲೋ ಕಳಚಿ ಬೀಳುತ್ತದೆ. ಸೋಮವಾರ ಬರಿಗೈಯಲ್ಲಿ ಬರುತ್ತಾನೆ. ಅವನ ಹಟವೂ ಉಳಿಯಿತು, ನನ್ನ ನೋಟೀಸೂ ಉಳಿಯಿತು. ಇಷ್ಟು ಸುಲಭದ ವಿಷಯಕ್ಕೆ ವಾರವೆಲ್ಲ ತಲೆ ಕೆಡಿಸಿಕೊಂಡಿದ್ದೆನಲ್ಲ!

ಆಗಸ್ಟ್ ೯, ಶನಿವಾರ

ಬರೆಯಲು ಮನಸ್ಸಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಅರ್ಧ ದಿನದ ಕೆಲಸ ಮುಗಿಸಿ ಸಂಜೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ಮುಂದಿನ ಕೋಣೆಯಲ್ಲಿ ಸೋಫಾ ಹೊದಿಕೆಗಳನ್ನು ಹೊಲಿಯುತ್ತಾರೆ. ಹಬ್ಬವೆಂದು ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ಅಣ್ಣ ಸ್ನಾನ ಮಾಡಿ, ತಲೆ ಬಾಚಿ, ಶಾಲೆಯ ಫೋಟೋಗೆ ಕೂತವನ ಹಾಗೆ ನೆಟ್ಟಗೆ ಕೂತಿದ್ದ. ಕುಂಕುಮ ಇಟ್ಟೆ, ಆರತಿ ಎತ್ತಿದೆ, ಕಟ್ಟಿದೆ. ಅಂಟು ಬಿಡದ ಹಾಗೆ ಮೆಲ್ಲಗೆ ಕಟ್ಟಿದೆ.

"ಮೇಡಂ ಇಷ್ಟು ಮೆಲ್ಲಗೆ ಕಟ್ತಿದ್ದಾರಲ್ಲ, ನಾನೇನು ಕಚ್ತೀನಾ?" ಎಂದ.

ಆಮೇಲೆ ಸಿಹಿ ತೆಗೆದು ನನ್ನ ಬಾಯಿಗಿಡಲು ಕೈ ಎತ್ತಿದ. ಅಷ್ಟೇ. ರಾಖಿ ಕಳಚಿ ತಟ್ಟೆಯೊಳಗೆ ಬಿತ್ತು.

ಅತ್ತಿಗೆಯ ಮುಖದ ಬಣ್ಣವೇ ಹೋಯಿತು. ಅಣ್ಣ ಅದನ್ನು ಎತ್ತಿ ಒರೆಸಿದ, ತುದಿಯನ್ನು ಮೂಗಿನ ಹತ್ತಿರ ತಂದು ನೋಡಿದ.

"ತಾನಾಗೇ ಬಿತ್ತಲ್ಲ ಅಣ್ಣಾ, ಬಿಟ್ಬಿಡು," ಎಂದೆ.

"ಕಟ್ಟಿದ ಕೂಡ್ಲೇ ತಟ್ಟೆಗೆ ಬೀಳೋದೂ ಒಂದು ಬೀಳೋದಾ?" ಎಂದು ಅತ್ತಿಗೆ ಎದ್ದು ಹೋಗಿ ನೈಲಾನ್ ದಾರದ ಉಂಡೆ ತಂದರು. ಸೋಫಾದ ದಪ್ಪ ಬಟ್ಟೆ ಹೊಲಿಯುವ ದಾರ ಅದು. ಅದರಲ್ಲಿ ಎಮ್ಮೆ ಕಟ್ಟಬಹುದು. ನನ್ನ ರಾಖಿಯನ್ನು ಅಣ್ಣನ ಮಣಿಕಟ್ಟಿನ ಮೇಲಿಟ್ಟು, ಸುತ್ತಿನ ಮೇಲೆ ಸುತ್ತು ಸುತ್ತಿ, ಗಂಟು ಹಾಕಿ, ಬೆಂಕಿಕಡ್ಡಿಯಿಂದ ಗಂಟನ್ನು ಕರಗಿಸಿ ಕೂಡಿಸಿಬಿಟ್ಟರು. ಒಂದು ತುದಿ ಮಾತ್ರ ಬೆರಳುದ್ದ ಜೋತುಬಿದ್ದಿತ್ತು. ನಾನು ನೋಡುತ್ತಾ ಕೂತಿದ್ದೆ.

"ಈಗ ಸರಿ ಹೋಯ್ತು," ಎಂದ ಅಣ್ಣ.

ಪ್ರತಿ ವರ್ಷ ಅವನು ಉಡುಗೊರೆಯಾಗಿ ಲೇತಿನಲ್ಲಿ ತಾನೇ ಕಡೆದದ್ದನ್ನು ಕೊಡುತ್ತಾನೆ. ಚಿಕ್ಕವಳಿದ್ದಾಗ ಹಿತ್ತಾಳೆಯ ಬುಗುರಿ. ಆಮೇಲೊಂದು ವರ್ಷ ಉಕ್ಕಿನ ಲಟ್ಟಣಿಗೆ, ಅದರ ತೂಕಕ್ಕೆ ಹಿಟ್ಟು ತಾನಾಗಿ ಕಾಗದದಷ್ಟು ತೆಳ್ಳಗಾಗುತ್ತದೆ, ಕಳ್ಳ ಬಂದರೂ ಉಪಯೋಗಕ್ಕೆ ಬರುತ್ತದೆ. ಈ ಸಲದ್ದು ಇನ್ನೂ ಮುಗಿದಿಲ್ಲವಂತೆ.

ನೂಲನ್ನು ತೆಗೆಸಲು ಹೋಗಿ ಹಗ್ಗ ಕಟ್ಟಿಸಿ ಬಂದೆ. ಇಂಥ ಬುದ್ಧಿವಂತಿಕೆಗೆ ನನ್ನನ್ನು ಮೇಲ್ವಿಚಾರಕಿ ಮಾಡಿದ್ದಾರೆ.

ಆಗಸ್ಟ್ ೧೦, ಭಾನುವಾರ

ಒಗೆದ ಬಟ್ಟೆಗಳನ್ನೇ ಮತ್ತೆ ಒಗೆದೆ. ಹತ್ತಿ ಹರಿಯುತ್ತದೆ, ನೈಲಾನು ಹರಿಯುವುದಿಲ್ಲ. ಯಂತ್ರ ಅದನ್ನು ಎಳೆದುಕೊಂಡರೆ ಹಿಂದೆಯೇ ಕೈಯೂ ಹೋಗುತ್ತದೆ.

ಆಗಸ್ಟ್ ೧೧, ಸೋಮವಾರ

ಗೇಟಿನಲ್ಲಿ ಕತ್ತರಿ ಹಿಡಿದು ನಿಂತೆ. ಪಕ್ಕದ ಸ್ಟೂಲಿನ ಮೇಲೆ ಖಾಲಿ ಬಿಸ್ಕತ್ತಿನ ಡಬ್ಬಿ.

ಡ್ರಿಲ್ಲಿಂಗಿನ ಮೀಸೆ ಮೊದಲು ಬಂದ. ಅವನ ಮೀಸೆ ಬಾಗಿಲು ದಾಟಿದ ಮೇಲೆ ಅವನು ದಾಟುತ್ತಾನೆ ಎಂದು ಎಲ್ಲರೂ ನಗುತ್ತಾರೆ. ಕೈಯಲ್ಲಿ ಮೂರು ರಾಖಿ.

"ಮೂವರು ತಂಗೀರು ಮೇಡಂ, ಮೂವರೂ ಜೋರು. ಕೇಳಿದ್ರೆ ನಿಮ್ಮನ್ನೇ ತೋರಿಸ್ತೀನಿ," ಎಂದು ಕೈ ಚಾಚಿ ಮುಖವನ್ನು ಆಚೆ ತಿರುಗಿಸಿದ. ಇಂಜೆಕ್ಷನ್ನಿಗೆ ಹೆದರುವವರ ಹಾಗೆ. ಅವನ ಹಿಂದೆ ಬಂದ ಫಿಟ್ಟರು, "ಗಂಟಿನ ಪಕ್ಕಾನೇ ಕತ್ತರಿಸಿ, ಮನೇಲಿ ಮತ್ತೆ ಹೊಲಿದುಕೊಳ್ತೀನಿ," ಎಂದ. ಇನ್ನೊಬ್ಬ ಕತ್ತರಿಸಿದ್ದನ್ನು ಡಬ್ಬಿಗೆ ಹಾಕಲು ಬಿಡದೆ ಜೇಬಿಗಿಟ್ಟುಕೊಂಡ. ಗಡ್ಡವೆಲ್ಲ ಬೆಳ್ಳಗಾದ ವೆಲ್ಡರು ಕಣ್ಣೊರೆಸಿಕೊಂಡದ್ದು ಧೂಳಿಗೋ ಏನೋ. ದಾರ ತಾನೇ, ಇಷ್ಟೇಕೆ ಆಡುತ್ತಾರೆ ಎಂದುಕೊಂಡೆ. ಸಾಲು ಬೇಗ ಮುಗಿಯಲೆಂದು ಸರಸರ ಕತ್ತರಿಸಿದೆ.

ಅಣ್ಣ ಗುಂಪಿನ ನಡುವೆ ಬಂದ. ಉದ್ದ ತೋಳಿನ ಅಂಗಿ, ಮಣಿಕಟ್ಟಿನವರೆಗೆ ಗುಂಡಿ.

"ನಮಸ್ಕಾರ ಮೇಡಂ," ಎಂದ.

ನನ್ನ ಕೈಯಲ್ಲಿ ಕತ್ತರಿ ತೆರೆದೇ ಇತ್ತು.

"ಮುಂದೆ ಹೋಗು," ಎಂದೆ.

ನನ್ನ ಗಾಜಿನ ಕೋಣೆಯಿಂದ ಅವನ ಲೇತು ನೇರವಾಗಿ ಕಾಣುತ್ತದೆ. ಇವತ್ತು ಒಂದು ಕಾಗದವನ್ನೂ ಓದಲಿಲ್ಲ. ಅವನ ಬಲಗೈಯನ್ನೇ ಓದಿದೆ.

ಆಗಸ್ಟ್ ೧೨, ಮಂಗಳವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಬೆಳಗಿನ ಚಹಾದ ಹೊತ್ತಿಗೆ ಮೀಸೆ ನನ್ನ ಕೋಣೆಗೆ ಬಂದ. ಕೂರು ಎಂದರೂ ಕೂರಲಿಲ್ಲ.

"ಒಂದು ಮಾತು ಕೇಳ್ತೀನಿ ಮೇಡಂ, ಬೇಜಾರು ಮಾಡ್ಕೋಬೇಡಿ. ಕತ್ತರಿ ನಮಗೆ ಮಾತ್ರನಾ? ಸಂಬಂಧಿಕರಿಗೆ ಬೇರೆ ಗೇಟಿದ್ಯಾ?"

ನನಗೆ ಸರ್ರನೆ ಸಿಟ್ಟು ಬಂತು. ಬಾಯಿಗೆ ಬಂದದ್ದನ್ನು ಅನ್ನಲು ಎದ್ದವಳಿಗೆ ಅವನ ಭುಜದ ಆಚೆ ಅಣ್ಣ ಕಂಡ. ಎಲ್ಲರೂ ಚಹಾಕ್ಕೆ ಹೋಗಿದ್ದರು, ಅವನೊಬ್ಬ ಲೇತಿನ ಮುಂದೆ. ಸೆಕೆಗೆ ತೋಳು ಮಡಚಿದ್ದ. ಹಿತ್ತಾಳೆಯ ಸಣ್ಣ ತುಂಡೊಂದು ಗಿರಗಿರ ತಿರುಗುತ್ತಿತ್ತು. ಎಡಗೈ ಉಳಿಯನ್ನು ನಡೆಸುವ ಚಕ್ರದ ಮೇಲೆ. ಬಲಗೈಯನ್ನು ತುಂಡಿನ ಮೇಲಿಂದ ಆಚೆ ಚಾಚಿ ಚೂರುಗಳನ್ನು ಸರಿಸುತ್ತಿದ್ದ. ಆ ನೈಲಾನಿನ ತುದಿ ಜೋತು ಬಿದ್ದು, ತಿರುಗುವುದರ ಹತ್ತಿರಕ್ಕೆ ಹೋಗುತ್ತಿತ್ತು, ಬರುತ್ತಿತ್ತು, ಮತ್ತೆ ಹೋಗುತ್ತಿತ್ತು.

ಮೇಜಿನ ಮೇಲಿನ ಕತ್ತರಿ ಹೇಗೆ ಎತ್ತಿಕೊಂಡೆನೋ, ಹೇಗೆ ಓಡಿದೆನೋ ತಿಳಿಯದು. ಯಂತ್ರ ನಿಲ್ಲಿಸುವ ಕೆಂಪು ಗುಂಡಿಗೆ ಅಂಗೈಯಿಂದ ಗುದ್ದಿದೆ. ಅಣ್ಣ ಬೆಚ್ಚಿಬಿದ್ದ, ಅವನ ಎಡಗೈ ಜಾರಿ ಉಳಿ ತುಂಡಿನೊಳಕ್ಕೆ ಕಚ್ಚಿತು. ಕರ್ಕಶವಾಗಿ ಕಿರುಚಿ ಎಲ್ಲ ನಿಂತಿತು.

"ಕೈ ಕೊಡು."

ಚಹಾದ ಲೋಟ ಹಿಡಿದವರೆಲ್ಲ ಸುತ್ತ ಬಂದು ನಿಂತಿದ್ದರು.

"ಪುಟ್ಟಿ, ಬೇಡ," ಎಂದ ಅಣ್ಣ, ಮೆಲ್ಲಗೆ.

"ಕೈ ಕೊಡಿ," ಎಂದೆ. ಹುಟ್ಟಿದಾಗಿನಿಂದ ಅವನಿಗೆ ನಾನು ಕೊಡಿ, ಬನ್ನಿ ಅಂದವಳಲ್ಲ.

ಅವನು ಕೊಟ್ಟ. ನೈಲಾನು ಕತ್ತರಿಗೆ ಬಗ್ಗಲಿಲ್ಲ. ಒತ್ತಿದೆ, ಒತ್ತಿದೆ, ಅವನ ಚರ್ಮದ ಮೇಲೆ ಕೆಂಪು ಗೆರೆ ಎದ್ದಿತು, ಕೊನೆಗೆ ಕಡಿಯಿತು. ಒಳಗಿದ್ದ ನನ್ನ ನೂಲೂ ಜೊತೆಯಲ್ಲಿ ಕಡಿಯಿತು. ಅಣ್ಣ ಬಗ್ಗಿ ನೆಲದಿಂದ ರಾಖಿಯ ಚೂರುಗಳನ್ನು ಹೆಕ್ಕಿಕೊಂಡ. ಹಾಳಾದ ಹಿತ್ತಾಳೆ ತುಂಡನ್ನು ಲೇತಿನಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡ. ನನ್ನ ಮುಖ ನೋಡಲಿಲ್ಲ. ಮೀಸೆ ಕೂಡ ತಲೆ ತಗ್ಗಿಸಿ ಹೋದ.

ಸಂಜೆ ಸ್ಕೂಟರು ನನ್ನ ಮುಂದೆಯೇ ಹೋಯಿತು, ಹಿಂದಿನ ಸೀಟು ಖಾಲಿ. ಬಸ್ಸಿನಲ್ಲಿ ಬಂದೆ. ನಾನು ಮಾಡಿದ್ದು ಸರಿ. ನೂರು ಸಲ ಕೇಳಿದರೂ ಸರಿ.

ಆಗಸ್ಟ್ ೧೩, ಬುಧವಾರ

ಅಣ್ಣ ಎಲ್ಲರಿಗಿಂತ ಮೊದಲು ಗೇಟಿಗೆ ಬಂದ. ಅರ್ಧ ತೋಳಿನ ಅಂಗಿ. ಎರಡೂ ಕೈಗಳನ್ನು ಚಾಚಿ, ತಿರುಗಿಸಿ ತೋರಿಸಿದ, ನನ್ನ ತಲೆಯ ಮೇಲಿನ ಬೋರ್ಡನ್ನು ಓದುತ್ತಾ.

ಸಂಜೆ ಅತ್ತಿಗೆಯ ಫೋನು. ಬೈಯುತ್ತಾರೆಂದು ಸಿದ್ಧಳಾಗಿ ಎತ್ತಿದೆ.

"ಹುಷಾರಾಗಿದ್ದೀಯಾ?"

"ಹೂಂ."

"ಮೈ ಬೆಚ್ಚಗಿದ್ಯಾ?"

"ಇಲ್ವಲ್ಲ. ಯಾಕೆ?"

"ಸುಮ್ನೆ ಕೇಳ್ದೆ," ಎಂದು ಇಟ್ಟುಬಿಟ್ಟರು.

ಆಗಸ್ಟ್ ೧೪, ಗುರುವಾರ

ಮತ್ತೆ ಫೋನು. ತಲೆನೋವಿದೆಯಾ, ಗಂಟಲು ಕೆರೆಯುತ್ತಿದೆಯಾ, ಊಟ ಸೇರುತ್ತಿದೆಯಾ. ನಾನೇನು ಆಸ್ಪತ್ರೆಯಲ್ಲಿದ್ದೇನೆಯೇ?

"ಅಣ್ಣ ಏನ್ಮಾಡ್ತಿದ್ದಾನೆ?" ಎಂದು ಕೇಳಿದೆ.

"ಇಲ್ಲೇ ಕೂತಿದ್ದಾರೆ. ಟೀವಿ ನೋಡ್ತಿದ್ದಾರೆ."

ಟೀವಿಯ ಸದ್ದೇ ಇರಲಿಲ್ಲ. ಯಾರೋ ಹತ್ತಿರದಲ್ಲಿ ಉಸಿರಾಡುವುದು ಮಾತ್ರ ಕೇಳಿಸಿತು.

ಮನೆಯಲ್ಲಿ ಏನು ಮಾಡಲೂ ತೋಚುವುದಿಲ್ಲ. ಕಿಟಕಿ ತೆಗೆಯುತ್ತೇನೆ, ಹಾಕುತ್ತೇನೆ. ಚಮಚವೂ ಇವತ್ತು ಬಾಗಿತು.

ಆಗಸ್ಟ್ ೧೬, ಶನಿವಾರ

ಕೆಲಸ ಮುಗಿಸಿ ಅತ್ತಿಗೆಯ ಹತ್ತಿರ ಹೋದೆ. ಅಣ್ಣ ಓವರ್‌ಟೈಮಿಗೆ ನಿಂತಿದ್ದ, ಅದನ್ನು ನೋಡಿಕೊಂಡೇ ಹೋದೆ. ಅತ್ತಿಗೆ ಹೊಲಿಗೆ ನಿಲ್ಲಿಸಲಿಲ್ಲ.

"ದಿನಾ ನನ್ನ ಜ್ವರದ ವಿಷಯ ಯಾಕೆ ಕೇಳ್ತೀರ ಅತ್ತಿಗೆ?"

"ನಾನೆಲ್ಲಿ ಕೇಳ್ತೀನಿ? ಕೇಳಿಸೋರು ಕೇಳಿಸ್ತಾರೆ."

ತುಂಬಾ ಹೊತ್ತು ಹೀಗೆಯೇ ಜಗ್ಗಾಡಿದ ಮೇಲೆ ಹೇಳಿದರು. ಅಣ್ಣ ಹನ್ನೆರಡು ವರ್ಷದವನಿದ್ದಾಗ ಶಾಲೆಯ ಈಜಿನ ಸ್ಪರ್ಧೆ ಇತ್ತಂತೆ. ಮೈಮೇಲೆ ಏನೂ ಇರಬಾರದು ಎಂದು ಮೇಷ್ಟ್ರು ಹೇಳಿದ್ದಕ್ಕೆ ನಾನು ಕಟ್ಟಿದ ದಾರವನ್ನು ಬ್ಲೇಡಿನಿಂದ ಕತ್ತರಿಸಿ ನೀರಿಗಿಳಿದ. ಬಹುಮಾನದ ಕಪ್ಪು ಗೆದ್ದು ಮನೆಗೆ ಬಂದರೆ ನನಗೆ ಜ್ವರ. ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸಿದ್ದರಂತೆ. ಉಳಿಯುತ್ತೇನೋ ಇಲ್ಲವೋ ಎನ್ನುವ ಹಾಗಿದ್ದೆನಂತೆ. ನನಗೆ ಆ ಜ್ವರದ ನೆನಪಿಲ್ಲ, ಮೋಸಂಬಿಯ ಸಿಪ್ಪೆಯ ವಾಸನೆ ಮಾತ್ರ ನೆನಪಿದೆ.

"ಆಮೇಲೆ ಆ ಕಪ್ಪನ್ನ ಎಲ್ಲೋ ಎಸೆದು ಬಂದ್ರಂತೆ. ಯಾರಿಗೂ ಹೇಳಿಲ್ಲ. ನಿನಗಂತೂ ಹೇಳಲೇಬಾರ್ದು ಅಂದಿದ್ದಾರೆ. ಅವತ್ತಿನಿಂದ ಅವರು ದಾರಕ್ಕೆ ಬ್ಲೇಡು ಕತ್ತರಿ ಏನೂ ತಾಗಿಸಿಲ್ಲ. ಅವರ ಕೈಗೆ ಏನಾದ್ರೂ ಆಗುತ್ತೆ ಅಂತಲ್ಲ ಅವರ ಹೆದರಿಕೆ."

ನಾನು ನಕ್ಕೆ. ಅತ್ತಿಗೆ ನಗಲಿಲ್ಲ.

ಜ್ವರ ಬರುವುದು ಕೆಟ್ಟ ನೀರಿನಿಂದ, ಸೊಳ್ಳೆಯಿಂದ. ದಾರಕ್ಕೂ ಅದಕ್ಕೂ ಏನು ಸಂಬಂಧ? ಒಬ್ಬ ದೊಡ್ಡ ಮನುಷ್ಯ ಇಷ್ಟು ವರ್ಷ ಇಂಥದ್ದನ್ನು ಒಳಗೆ ಇಟ್ಟುಕೊಂಡು ತಿರುಗುತ್ತಾನೆಂದರೆ ನನಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬರುತ್ತಿದೆ. ಬಸ್ಸಿಗೆ ಕಾಯಲಾಗಲಿಲ್ಲ. ಮಳೆಯಲ್ಲೇ ನಡೆದೆ, ಕೊಡೆ ಅತ್ತಿಗೆಯ ಮನೆಯಲ್ಲೇ ಉಳಿಯಿತು. ಅಳು ಬರುತ್ತಿತ್ತು, ಮಳೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಈಗ ಸೀನು ಬರುತ್ತಿದೆ. ಬರಬಾರದು.

ಆಗಸ್ಟ್ ೧೭, ಭಾನುವಾರ

ಬೆಳಿಗ್ಗೆ ಏಳುವಾಗಲೇ ಮೈ ಕಾದ ಹೆಂಚು. ಇವತ್ತು ಬಿಟ್ಟು ಬೇರೆ ದಿನವೇ ಇರಲಿಲ್ಲವೇ! ಮಾತ್ರೆ ನುಂಗಿದೆ, ಬಿಸಿನೀರು ಕುಡಿದೆ, ಗಂಟಲು ಸರಿಮಾಡಿಕೊಂಡು, "ಹಲೋ, ಚೆನ್ನಾಗಿದ್ದೀನಿ, ಹಲೋ," ಎಂದು ಗೋಡೆಗೆ ಹೇಳಿ ಅಭ್ಯಾಸ ಮಾಡಿದೆ. ಫೋನು ಬಂದಾಗ ಹಾಗೆಯೇ ಹೇಳಿದೆ. ಅತ್ತಿಗೆ "ಸರಿ," ಎಂದರು.

ಆಮೇಲೆ ಬಾಗಿಲು ಬಡಿದ ಸದ್ದು. ಅಣ್ಣ, ಕೈಯಲ್ಲಿ ನನ್ನ ಕೊಡೆ ಮತ್ತು ಸಾಮಾನಿನ ಪೆಟ್ಟಿಗೆ.

"ಎಲ್ಲಿ ಆ ಬಾಗಿಲು?" ಎಂದ, ನಮ್ಮ ನಡುವೆ ಏನೂ ಆಗಿಲ್ಲವೇನೋ ಎನ್ನುವ ಹಾಗೆ.

ಕೋಣೆಯ ಬಾಗಿಲ ಮುಂದೆ ಕೂತು, ಚಮಚವನ್ನು ತೂತಿನಿಂದ ಎಳೆದು ಪಕ್ಕಕ್ಕಿಟ್ಟ. ಜೇಬಿನಿಂದ ಹಿತ್ತಾಳೆಯ ಹಿಡಿ ತೆಗೆದ. ನಿಂಬೆಹಣ್ಣಿನಷ್ಟು ದಪ್ಪ, ಮುಖ ಕಾಣುವಷ್ಟು ಹೊಳಪು. ಕತ್ತಿನ ಹತ್ತಿರ ಒಂದು ಕಡೆ ಆಳವಾದ ಕಚ್ಚು. ಆ ದಿನ ಉಳಿ ಕಚ್ಚಿದ ಜಾಗ. ಅಂದರೆ ಅವನು ಚಹಾ ಬಿಟ್ಟು ಕಡೆಯುತ್ತಿದ್ದದ್ದು ಇದನ್ನೇ.

"ಬೇರೆ ಮಾಡಬಹುದಿತ್ತು," ಎಂದೆ. ಶೀತಕ್ಕೆ ನನ್ನ ದನಿ ಒಡೆದ ಹಿತ್ತಾಳೆಯ ಹಾಗೆ ಕೇಳಿಸಿತು.

"ಮಾಡಬಹುದಿತ್ತು. ಕೈಲಿ ಹಿಡಿದು ನೋಡ್ದೆ, ಹೆಬ್ಬೆಟ್ಟು ಅಲ್ಲೇ ಕೂರುತ್ತೆ. ಹಿಡಿಯೋಕೆ ಚೆನ್ನಾಗಿದೆ, ಬಿಟ್ಟೆ."

ತಿರುಪು ಬಿಗಿ ಮಾಡಿದ ಮೇಲೆ ಎದ್ದು, ಹೇಳದೆ ಕೇಳದೆ ಅಂಗೈ ಹಿಂಬದಿಯನ್ನು ನನ್ನ ಹಣೆಗಿಟ್ಟ. ಎಷ್ಟು ತೊಳೆದರೂ ಹೋಗದ ಆ ಎಣ್ಣೆಯ ವಾಸನೆ. ಅವನ ಮುಖ ಚಿಕ್ಕದಾಯಿತು, ಹನ್ನೆರಡು ವರ್ಷದವನಷ್ಟು.

"ಮಳೇಲಿ ನೆಂದೆ ಅಣ್ಣಾ. ನಿನ್ನೆ. ಕೊಡೆ ಇರ್ಲಿಲ್ಲ. ಬರೀ ಶೀತ. ಅತ್ತಿಗೆ ಎಲ್ಲಾ ಹೇಳಿದ್ರು. ಅದಕ್ಕೂ ಇದಕ್ಕೂ ಏನೂ ಇಲ್ಲ ಕಣೋ!"

"ನಂಗೂ ಗೊತ್ತು, ಮಳೇಗೇ," ಎಂದ. ಹೇಳುತ್ತಲೇ ಅಂಗಿಯ ಜೇಬಿಗೆ ಕೈ ಹಾಕಿ ಮಡಚಿದ ಕಾಗದ ಬಿಚ್ಚಿದ. ಒಳಗೆ ರಾಖಿ. ನೈಲಾನು ಇರಲಿಲ್ಲ. ನನ್ನ ಹೊಲಿಗೆ ನೂಲು, ಕತ್ತರಿಸಿದ ಕಡೆಯೆಲ್ಲ ಸಣ್ಣ ಸಣ್ಣ ಗಂಟು.

"ನಾನು ಕಟ್ಕೊಳ್ಳೋ ಹಾಗಿಲ್ಲ, ನಿಮ್ಮ ಕಾನೂನು. ನೀನು ಲೇತ್ ಮುಟ್ಟಲ್ವಲ್ಲ. ಕೈ ಕೊಡು."

ಕೊಟ್ಟೆ.

"ಮೆಲ್ಲಗೆ ಇಟ್ಕೋ. ನೀನು ಅಂಟು ಹಾಕಿದ ನೂಲೇ ಅದು, ಬೇಗ ಬಿದ್ದೋಗುತ್ತೆ," ಎಂದ.

"ಗೊತ್ತಾಗಿತ್ತಾ?"

"ತಟ್ಟೆಗೆ ಬಿದ್ದಾಗ್ಲೇ. ಗೋಂದಿನ ವಾಸನೆ ಬರ್ತಿತ್ತು. ನಿಮ್ಮತ್ತಿಗೆಗೆ ಹೇಳ್ಬೇಡ, ಇವತ್ತಿಗೂ ಅಪಶಕುನ ಅಂತ ಹರಕೆ ಹೊತ್ಕೊಂಡಿದ್ದಾಳೆ."

ಗಂಜಿ ಕಾಯಿಸಿ ಕುಡಿಸಿಯೇ ಹೋದ. ಅವನು ಹೋದ ಮೇಲೆ ಕೋಣೆಯ ಬಾಗಿಲನ್ನು ಸುಮ್ಮನೆ ತೆಗೆದು ಹಾಕಿ ಮಾಡಿದೆ. ಹೆಬ್ಬೆಟ್ಟು ನಿಜವಾಗಿಯೂ ಅಲ್ಲೇ ಕೂರುತ್ತದೆ.

ಆಗಸ್ಟ್ ೧೮, ಸೋಮವಾರ

ಜ್ವರ ಇಳಿದಿದೆ. ಎಡಗೈಯನ್ನು ನೀರಿನಿಂದ ಮೇಲೆತ್ತಿ ಸ್ನಾನ ಮಾಡಿದೆ, ಅಷ್ಟೇನೂ ಕಷ್ಟವಲ್ಲ.

ಉದ್ದ ತೋಳಿನ ಅಂಗಿ ಹಾಕಿಕೊಂಡು ಗೇಟಿನಲ್ಲಿ ನಿಂತೆ.

"ಈ ಸೆಕೇಲಿ ಉದ್ದ ತೋಳು ಯಾಕೆ ಮೇಡಂ?" ಎಂದ ಮೀಸೆ.

"ಶೀತ," ಎಂದೆ. ಸುಳ್ಳಲ್ಲ.

ನಾನು ಯಂತ್ರ ಮುಟ್ಟುವವಳಲ್ಲ. ಯಂತ್ರಗಳ ನಡುವೆ ಓಡಾಡುತ್ತೇನೆ, ಅಷ್ಟೇ. ಇಷ್ಟು ದಿನ ಓಡಾಡಿದ್ದೇನೆ, ಏನಾಗಿದೆ?

ಬಿಸ್ಕತ್ತಿನ ಡಬ್ಬಿಯ ದಾರಗಳನ್ನು ಕೇಳಿಕೊಂಡು ಅವರವರಿಗೆ ಹಿಂದಿರುಗಿಸಿದೆ. ಹಾಗೆಯೇ ಬಿಸಾಡಲು ಯಾಕೋ ಮನಸ್ಸಾಗಲಿಲ್ಲ. ವೆಲ್ಡರದ್ದು ಸಿಗಲಿಲ್ಲ, ಡಬ್ಬಿಯನ್ನು ಬೋರಲು ಹಾಕಿ ಹುಡುಕಿದೆ. ಕೊನೆಗೆ ಮುಚ್ಚಳಕ್ಕೆ ಅಂಟಿಕೊಂಡಿತ್ತು.

ಸಂಜೆ ಸ್ಕೂಟರು ಗೇಟಿನ ಹೊರಗೆ ನಿಂತಿತ್ತು.

ಆಗಸ್ಟ್ ೨೦, ಬುಧವಾರ

ತಪಾಸಣೆಯವರು ಮೂವರು. ಅವರಲ್ಲಿ ಗಿಡ್ಡ ಕೂದಲಿನ ಹೆಂಗಸೊಬ್ಬರು, ಕಣ್ಣು ಸೂಜಿ. ಎಲ್ಲ ಸಾಲುಗಳನ್ನೂ ಸುತ್ತಿದರು. ಪ್ರತಿ ಯಂತ್ರದ ಮುಂದೆ ನಿಂತು ಕೈ ನೋಡಿದರು. ಮೀಸೆ ಮೂರೂ ದಾರಗಳು ಇರಬೇಕಾದ ಜಾಗವನ್ನು ಹೆಮ್ಮೆಯಿಂದ ತೋರಿಸಿದ. ಮ್ಯಾನೇಜರು ನನ್ನ ಹಿಂದೆ ಹಲ್ಲು ಬಿಡುತ್ತಾ ಬರುತ್ತಿದ್ದರು.

ಕೊನೆಯದು ಅಣ್ಣನ ಲೇತು. ಅವನ ಬರಿಗೈ ನೋಡಿ ಆಯಮ್ಮ, "ಭೇಷ್! ಒಬ್ಬರ ಮೈಮೇಲೂ ಒಂದು ದಾರ ಇಲ್ಲ. ಹೇಗೆ ಒಪ್ಪಿಸಿದಿರಿ?" ಎಂದು ನನ್ನ ಕಡೆ ತಿರುಗಿದರು. ನಾನು ಏನೋ ಹೇಳಲು ಕೈಯೆತ್ತಿದೆ. ಅಂಗಿಯ ಗುಂಡಿ ಯಾವಾಗ ಬಿಚ್ಚಿಕೊಂಡಿತ್ತೋ! ತೋಳು ಮೊಣಕೈ ಕಡೆಗೆ ಜಾರಿತು. ಆಯಮ್ಮನ ಕಣ್ಣು ನನ್ನ ಮುಖದಿಂದ ಕೆಳಗಿಳಿಯಲು ಶುರುವಾಯಿತು.

ಢಣಾರ್ ಎಂದು ಸದ್ದು. ಅಣ್ಣನ ದೊಡ್ಡ ಸ್ಪ್ಯಾನರು ನೆಲಕ್ಕೆ ಬಿದ್ದು, ಕುಣಿದು, ಮ್ಯಾನೇಜರ ಬೂಟಿನ ಹತ್ತಿರ ಹೋಗಿ ನಿಂತಿತು. ಎಲ್ಲರೂ ಹಾರಿ ಅತ್ತ ತಿರುಗಿದರು.

"ಕೈ ಜಾರ್ತು ಸಾರ್, ತಪ್ಪಾಯ್ತು," ಎಂದ ಅಣ್ಣ.

ಅವನ ಕೈಯಿಂದ ಒಂದು ತಿರುಪು ಕೂಡ ಜಾರಿದ್ದನ್ನು ನಾನು ಕಂಡಿಲ್ಲ. ಎಲ್ಲರೂ ಮತ್ತೆ ನನ್ನ ಕಡೆ ತಿರುಗುವ ಹೊತ್ತಿಗೆ ನನ್ನ ತೋಳು ಕೆಳಗಿತ್ತು, ಗುಂಡಿ ಹಾಕಿತ್ತು.

ವರದಿ ಬಂದಿದೆ. ಎಲ್ಲವೂ ಉತ್ತಮ, ಒಂದೇ ಒಂದು ಆಕ್ಷೇಪ: ಲೇತ್ ವಿಭಾಗದಲ್ಲಿ ಉಪಕರಣ ಕೆಳಗೆ ಬಿದ್ದಿದೆ, ಸಂಬಂಧಪಟ್ಟ ಕೆಲಸಗಾರನಿಗೆ ಸುರಕ್ಷತಾ ಮೇಲ್ವಿಚಾರಕಿ ಲಿಖಿತ ಎಚ್ಚರಿಕೆ ನೀಡಬೇಕು. ಸಂಜೆ ಸ್ಕೂಟರಿನ ಮೇಲೆ ಅದನ್ನು ಅಣ್ಣನಿಗೆ ಹೇಳಿದೆ. ನಗುವುದಕ್ಕೆಂದು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಎಚ್ಚರಿಕೆ ಪತ್ರ ಬರೆದಿಟ್ಟಿದ್ದೇನೆ, ನಾಳೆ ಕೊಡುತ್ತೇನೆ. ಅಂಗಿಯ ತೋಳಿಗೆ ಇನ್ನೊಂದು ಗುಂಡಿ ಹೊಲಿದಿದ್ದೇನೆ. ರಾಖಿಯ ಗಂಟುಗಳನ್ನೂ ಒಮ್ಮೆ ನೋಡಿದೆ, ಎರಡು ಕಡೆ ನೂಲು ಸವೆದಿದೆ, ಆದರೆ ನಾನು ಮುಟ್ಟುವುದಿಲ್ಲ. ಅದು ತಾನಾಗೇ ಬೀಳಬೇಕು.